ಎದೆಯ ಮೇಲಿನ ಗೆರೆ

ನಾನೊಂದು ಕೊಡತಿ. ಹುಟ್ಟಿದ್ದು ಉಗಾಂಡಾ ದೇಶದ ಮಸಾಕಾ ಪಟ್ಟಣದಾಚೆಯ ಒಂದು ಹಳ್ಳಿಯಲ್ಲಿ, ಕಿಬಿರಿಗೆ ಎಂಬ ತಾತನ ಕೈಯಲ್ಲಿ. ಗಟ್ಟಿ ಮರದ ತುಂಡೊಂದನ್ನು ಆತ ವಾರವಿಡೀ ಕೆತ್ತಿ, ನನ್ನ ತಲೆಯ ಸುತ್ತ ಸಾಲುಸಾಲಾಗಿ ಗೀರುಗಳನ್ನು ಕೊರೆದ. ನನಗಿಬ್ಬರು ಅಣ್ಣಂದಿರು. ದೊಡ್ಡವನ ಗೀರು ಒರಟು, ನಡುವಿನವನದು ಅದಕ್ಕಿಂತ ನಯ, ನನ್ನದು ಎಲ್ಲಕ್ಕಿಂತ ನಯ. ಬಟ್ಟೆಗೆ ಕೊನೆಯ ಏಟು ನನ್ನದೇ. ಆ ಜಂಬ ನನಗಿದೆ, ಮುಚ್ಚಿಡುವುದಿಲ್ಲ. ಹಗೆಯನ್ನು ಮರೆಯದ ಗುಣವೂ ಇದೆ.

ಕೊಡತಿಗೂ ಬಟ್ಟೆಗೂ ಏನು ಸಂಬಂಧ ಎನ್ನುತ್ತೀರೇನೋ. ನಮ್ಮಲ್ಲಿ ಮುಟುಬ ಎಂಬ ಮರವಿದೆ, ನಿಮ್ಮ ಆಲದ ಬಳಗದ್ದು. ಅದರ ತೊಗಟೆ ಸುಲಿದು, ಹಬೆಯಲ್ಲಿ ಮೆದುಮಾಡಿ, ದಿಮ್ಮಿಯ ಮೇಲೆ ಹಾಸಿ ದಿನಗಟ್ಟಲೆ ಬಡಿದರೆ ಅಗಲವಾಗುತ್ತಾ ಹೋಗಿ ಬಟ್ಟೆಯಾಗುತ್ತದೆ. ಪುರಾಣದ ನಾರುಮಡಿಯನ್ನು ನೆನೆದುಕೊಳ್ಳಿ. ಸತ್ತವರಿಗೆ ಹೊದಿಸುವುದು ಇದನ್ನೇ, ಮನೆಯ ಹೊಸ ಯಜಮಾನನ ಹೆಗಲಿಗೆ ಕಟ್ಟುವುದೂ ಇದನ್ನೇ. ಬಡಿಯುವ ಕೆಲಸ ಮಾತ್ರ ಗಂಡಸರದೆಂದು ಆ ಊರಿನ ಕಟ್ಟಳೆ.

ತಾತನ ಮೊಮ್ಮಗಳು ನಲ್ವೋಗಾಗೆ ಆ ಕಟ್ಟಳೆ ಹಿಡಿಸಲಿಲ್ಲ. ಹದಿನಾರರ ಹುಡುಗಿ. ಅಪ್ಪ ಲಾರಿ ಓಡಿಸುತ್ತಾ ತಿಂಗಳಿಗೊಮ್ಮೆ ಮುಖ ತೋರಿಸುವವನು. ಅಮ್ಮ ಫ್ಲೋರೆನ್ಸ್ ತೋಟಕ್ಕೆ ಹೋದರೆ, ತಂಗಿಯರಿಬ್ಬರಿಗೂ ಬಾಳೆಕಾಯಿ ಬೇಯಿಸಿ, ಕಡಲೆಕಾಯಿ ಗೊಜ್ಜು ಮಾಡಿ ಬಡಿಸುವವಳು ಇವಳೇ. ಗಣಿತದ ನೋಟ್‌ಬುಕ್ಕಿನ ಹಿಂಬದಿ ತುಂಬ ಚಿತ್ರಗಳು: ತೊಗಟೆಬಟ್ಟೆಯ ಕೋಟು, ಟೋಪಿ, ಮದುಮಗಳ ಉಡುಪು. ಉಳಿದ ಚೂರುಗಳನ್ನು ಹೊಲಿದು ತಂಗಿಯರಿಗೆ ತೊಡಿಸಿ ಅಂಗಳದಲ್ಲಿ ಮೆರವಣಿಗೆ ಮಾಡಿಸುತ್ತಿದ್ದಳು. ಕಂಪಾಲಾಕ್ಕೆ ಹೋಗಿ ಉಡುಪು ವಿನ್ಯಾಸ ಕಲಿಯಬೇಕು, ಸತ್ತವರ ಬಟ್ಟೆಯನ್ನು ಬದುಕಿರುವವರೂ ಆಸೆಪಟ್ಟು ಉಡುವಂತೆ ಮಾಡಬೇಕು ಎಂಬುದು ಅವಳ ಕನಸು.

"ಹೆಣದ ಬಟ್ಟೆ ಕಣೇ ಅದು. ಯಾರೇ ಹಾಕ್ಕೋತಾರೆ," ಎಂದು ನಗುತ್ತಿದ್ದವನು ಅವಳ ಚಿಕ್ಕಪ್ಪ ಲುಟಾಯ. ನನ್ನ ಹಗೆ ಇವನೇ. ತಾತನ ಕಿರಿಮಗ. ಬಟ್ಟೆ ಬಡಿಯುವ ಚಪ್ಪರದ ನೆರಳಲ್ಲಿ ಕೂತು ಹರಟಿದ್ದು ಬಿಟ್ಟರೆ ಒಂದು ಮೊಳ ಬಟ್ಟೆ ಬಡಿದವನಲ್ಲ.

ತಾತ ಹಾಸಿಗೆ ಹಿಡಿದ. ಕುಲದ ಹಿರಿಯ ಮುವಾಂಗ ನೋಡಲು ಬಂದಾಗ ತಾತ ಅವನಿಗೆ ಹೇಳಿದ: "ಯಜಮಾನಿಕೆ ಯಾರಿಗಾದ್ರೂ ಕಟ್ಟಿ. ನನ್ನ ಚಪ್ಪರದಲ್ಲಿ ಕೊನೇ ಬಟ್ಟೆ ಯಾರು ಬಡೀತಾರೋ ಅವರಿಗೇ ಈ ಚಪ್ಪರ, ಈ ಮರಗಳು." ಹೆಸರು ಹೇಳಲಿಲ್ಲ. ಹುಡುಗಿಯ ಹೆಸರು ಬಾಯಿಗೆ ಬಂದಿದ್ದರೆ ಅಂದೇ ಬೇಡ ಎನ್ನುತ್ತಿದ್ದರೆಂದು ಅವನಿಗೆ ಗೊತ್ತಿತ್ತು.

ಮರುದಿನದಿಂದ ಯಾರ ಕಣ್ಣಿಗೂ ಬೀಳದಂತೆ ಚಪ್ಪರಕ್ಕೆ ಚಾಪೆ ಕಟ್ಟಿ ನಲ್ವೋಗಾ ಬಡಿದಳು. ಒಳಗೆ ಮಲಗಿದ್ದ ತಾತ ಸದ್ದು ಕೇಳಿಯೇ, "ಎಡಗಡೆ ಇನ್ನೂ ದಪ್ಪ ಇದೆ ಮಗಾ," ಎನ್ನುತ್ತಿದ್ದ. ಮೂರನೆಯ ದಿನ ನನ್ನ ಸರದಿ ಬಂತು. ಬೆವರಿದ ಅವಳ ಕೈಯಿಂದ ಜಾರಿ ಕಲ್ಲಿನ ಮೇಲೆ ಬಿದ್ದೆ. ನನ್ನ ತಲೆಯ ಒಂದು ಏಣು ಹಾರಿಹೋಯಿತು. ಅವಳು ಅಳುತ್ತಾ ನನ್ನನ್ನು ತಾತನ ಬಳಿ ಒಯ್ದಳು. ಆತ ಬೆರಳಾಡಿಸಿ ನೋಡಿ, "ಪರವಾಗಿಲ್ಲ, ಬಡಿ," ಎಂದ. ಅಲ್ಲಿಂದ ಮುಂದೆ ನಾನು ತಗುಲಿದಲ್ಲೆಲ್ಲ ಗೀರುಗಳ ನಡುವೆ ಒಂದು ಅಗಲವಾದ ಗೆರೆ ಮೂಡಿತು.

ಬಟ್ಟೆ ಮುಗಿದ ವಾರಕ್ಕೆ ತಾತ ತೀರಿಕೊಂಡ. ಲುಟಾಯ ನಮ್ಮ ಮೂವರನ್ನೂ ಬಟ್ಟೆಯನ್ನೂ ಹೊತ್ತುಕೊಂಡು ಹೋಗಿ, ಬಡಿದವನು ತಾನೇ ಎಂದು ಸಾರಿದ. ನಲ್ವೋಗಾ ನಿಜ ಹೇಳಿದಳು. ಫ್ಲೋರೆನ್ಸ್ ಕೂಡ ಕುಲದವರೆದುರು ನಿಂತು ಹೇಳಿದಳು. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

"ಇವಳು ಒಂದ್ಸಲ ಮುಟ್ಟಿದ್ದಕ್ಕೇ ಸಣ್ಣ ಕೊಡತಿ ಒಡೀತು," ಎಂದು ಲುಟಾಯ ಎಲ್ಲರೆದುರು ಕಥೆ ಕಟ್ಟಿದ. "ಹೆಂಗಸಿನ ಕೈ ತಗಲಿದ್ದು ನನಗೆ ಬೇಡ ಅಂತ, ಬಟ್ಟೆ ಶುರು ಮಾಡೋ ಮುಂಚೇನೇ ಅದನ್ನ ಮೇಕೆ ಗೂಟ ಹೊಡಿಯೋಕೆ ಹಾಕ್ಬಿಟ್ಟೆ."

ಗೂಟಕ್ಕೆ ಹಾಕಿದ್ದು ಮಾತ್ರ ನಿಜ. ಐದು ತಿಂಗಳು ನಾನು ಮೇಕೆಯ ಹಿಕ್ಕೆಯ ನಡುವೆ ಬಿದ್ದಿದ್ದೆ. ಯಜಮಾನರ ಹೆಗಲೇರುವ ಬಟ್ಟೆಯನ್ನು ನಯಗೊಳಿಸಿದ ನಾನು ಗೂಟ ಹೊಡೆದೆ. ಪ್ರತಿ ಏಟಿಗೂ ಅವನ ಹೆಸರು ಹೇಳಿಕೊಂಡೆ. ಅತ್ತ ನಲ್ವೋಗಾ ಚಿತ್ರ ಬರೆಯುವುದನ್ನೇ ನಿಲ್ಲಿಸಿದ್ದಳಂತೆ.

ನಮ್ಮಲ್ಲಿ ತಿಂಗಳುಗಟ್ಟಲೆ ಕಳೆದ ಮೇಲೆ ನಡೆಸುವ, ತಾತನ ಕೊನೆಯ ಕರ್ಮದ ದಿನ ಬೆಳಿಗ್ಗೆ, ಹೊಸ ಯಜಮಾನನಾಗಿ ಲುಟಾಯ ಅದೇ ಬಟ್ಟೆ ಹೊದ್ದು ನಿಂತ. ಹೆಗಲ ಗಂಟು ಕಟ್ಟಲು ಬಂದ ಮುವಾಂಗ ಬಡಿದು ಬಡಿದು ಕೈ ಸವೆಸಿಕೊಂಡ ಮುದುಕ. ಅವನ ಹೆಬ್ಬೆರಳು ಲುಟಾಯನ ಎದೆಯ ಮೇಲೆ, ಬಟ್ಟೆಯ ಅಗಲ ಗೆರೆಯೊಂದನ್ನು ಸವರಿ ನಿಂತಿತು. ಆ ಒಡೆದ ಕೊಡತಿ ತನ್ನಿ ಎಂದ. ಯಾರೋ ಓಡಿ ನನ್ನನ್ನು ತಂದರು. ಮುವಾಂಗ ಮಣ್ಣು ಒರೆಸಿ, ನನ್ನ ತಲೆಯನ್ನು ಆ ಎದೆಗೆ ಒತ್ತಿ ಹಿಡಿದ. ನನ್ನ ಮುರುಕು ಆ ಗೆರೆಯ ಮೇಲೆ ಸರಿಯಾಗಿ ಕೂತಿತು.

"ಬಟ್ಟೆಗೆ ಮುಂಚೇನೇ ಎಸೆದೆ ಅಂದ್ಯಲ್ಲ. ಇದು ಇಲ್ಲಿ ಹೇಗೆ ಓಡಾಡ್ತು, ಲುಟಾಯ?"

ಕೊಡತಿಯ ಗೀರು ಬಟ್ಟೆಯಲ್ಲಿ ಉಳಿಯುತ್ತದೆಂಬುದೇ ಲುಟಾಯನಿಗೆ ಗೊತ್ತಿರಲಿಲ್ಲ. ಒಂದೇ ಒಂದು ದಿನ ಬಡಿದಿದ್ದರೂ ತಿಳಿಯುತ್ತಿತ್ತು. ಅವನ ಎದೆ ಡವಗುಟ್ಟುವುದು ನನ್ನ ತಲೆಗೆ ತಾಗುತ್ತಿತ್ತು. ಅಷ್ಟು ಸುಖ ನನಗೆ ಮತ್ತೆಂದೂ ಸಿಕ್ಕಿಲ್ಲ.

"ಬಾ ಮಗಳೇ," ಎಂದ ಮುವಾಂಗ, ನಲ್ವೋಗಾ ಕಡೆ ತಿರುಗಿ. "ನಿನ್ನ ಕೊಡತಿ ತಗೋ."

ಯಜಮಾನಿಕೆ ಲುಟಾಯನಿಗೇ ಉಳಿಯಿತು. ಚಪ್ಪರ, ಮರಗಳು, ನಾವು ಮೂವರು ಹುಡುಗಿಯ ಪಾಲಿಗೆ ಬಂದೆವು. ನನಗದು ಸಾಲದಾಗಿತ್ತು. ಅವನನ್ನು ಊರು ಬಿಡಿಸಬೇಕಿತ್ತು ಎಂದು ಇವತ್ತಿಗೂ ಅನ್ನುತ್ತೇನೆ.

ಈಗ ನಲ್ವೋಗಾಗೆ ಕಂಪಾಲಾದಲ್ಲಿ ತನ್ನದೇ ಹೊಲಿಗೆಕೋಣೆ ಇದೆ. ಅವಳ ಕೋಟುಗಳ ಮೇಲೆ ನಾನು ಬಿಟ್ಟ ಗೆರೆಯನ್ನು ಜನ ಅಲಂಕಾರವೆಂದುಕೊಳ್ಳುತ್ತಾರೆ. ನನ್ನ ಗೀರುಗಳು ಸವೆದಿವೆ, ಮುರುಕು ಮಾತ್ರ ಹಾಗೇ ಇದೆ, ಈಗ ಗೋಡೆಯ ಮೊಳೆಗೆ ನೇತಾಡುತ್ತಿದ್ದೇನೆ. ಹೋದ ವರ್ಷ ಒಮ್ಮೆ ಮಾತ್ರ ಕೆಳಗಿಳಿಸಿದಳು. ಲುಟಾಯ ಸತ್ತಿದ್ದ. ಅವನಿಗೆ ಹೊದಿಸುವ ಬಟ್ಟೆಯನ್ನು ಅವಳೇ ಬಡಿದಳು.

"ಎಷ್ಟಾದರೂ ಚಿಕ್ಕಪ್ಪ," ಎಂದು ಕಣ್ಣೊರೆಸಿಕೊಂಡಳು. ನನಗೆ ಅಳು ಬರಲಿಲ್ಲ. ಎದೆಯ ಭಾಗ ಬಂದಾಗ ಇದ್ದಬದ್ದ ಭಾರವನ್ನೆಲ್ಲ ಬಿಟ್ಟೆ. ನನ್ನ ಗೆರೆಯನ್ನು ಹೊದ್ದುಕೊಂಡೇ ಅವನು ಮಣ್ಣಿನಡಿ ಮಲಗಿದ್ದಾನೆ.