ಭಾಲ್ಕಿಯಿಂದ ತಂದ ಮೂರು ಕಾರ್ಡು

ಭಾಲ್ಕಿಯ ತನ್ನ ಗೇಮ್ ಪಾರ್ಲರಿನಲ್ಲಿ ತುಷಾರ ಕೌಂಟರಿನ ಮೇಲೆ ಹಳೆಯ ಟವೆಲ್ಲು ಹಾಸಿ ಕಂಪ್ಯೂಟರಿನ ಮೂರು ಗ್ರಾಫಿಕ್ಸ್ ಕಾರ್ಡುಗಳನ್ನು ಸಾಲಾಗಿ ಇಟ್ಟ. ಒಂದೊಂದೂ ಇಟ್ಟಂಗಿಯಷ್ಟು ಉದ್ದ, ಒಂದೊಂದಕ್ಕೂ ಎರಡೆರಡು ಫ್ಯಾನು. ವೈಜಿನಾಥ ನಡುವಿನದನ್ನು ಎತ್ತಿಕೊಂಡು ಫ್ಯಾನುಗಳ ಸಂದಿಗೆ ಮೂಗು ಹಚ್ಚಿ ಉಸಿರು ಎಳೆದ.

"ಕಾಕಾ, ಇದು ಮಾವಿನ ಹಣ್ಣಲ್ರಿ, ಮೂಸಿ ನೋಡಿ ತಗೊಳ್ಳಕ," ಎಂದು ತುಷಾರ ನಕ್ಕ.

ಪಕ್ಕದಲ್ಲಿ ನಿಂತಿದ್ದ ಅಶ್ವಜಿತನೂ ನಕ್ಕ. ಹಲ್ಲು ಕಾಣುವ ಹಾಗೆ, ಭುಜ ಕುಣಿಯುವ ಹಾಗೆ. ಮಗ ಹಾಗೆ ನಕ್ಕಿದ್ದನ್ನು ವೈಜಿನಾಥ ಎಂಟು ತಿಂಗಳಿಂದ ಕಂಡಿರಲಿಲ್ಲ. ಏನೋ ಹೇಳಬೇಕೆಂದಿದ್ದವನು ಕಾರ್ಡನ್ನು ಇನ್ನೊಮ್ಮೆ ಮೂಸಿದ.

ಅವನ ಮೂಗಿನ ಬಗ್ಗೆ ಔರಾದ ತಾಲ್ಲೂಕಿನಲ್ಲಿ ಯಾರನ್ನು ಬೇಕಾದರೂ ಕೇಳಬಹುದಿತ್ತು. ಮೂವತ್ತೊಂದು ವರ್ಷ ಅಲ್ಲಿ ಲೈನ್‌ಮನ್ ಆಗಿದ್ದವನು. ಚಿಂತಾಕಿ ಕಡೆಯ ರೈತರು ಕೆಟ್ಟ ಮೋಟಾರನ್ನು ಬಂಡಿಯಲ್ಲಿ ಹೇರಿಕೊಂಡು ಬಂದರೆ, ಅವನು ಮುಚ್ಚಳ ಬಿಚ್ಚುವ ಗೋಜಿಗೇ ಹೋಗದೆ ಬಗ್ಗಿ ಮೂಸಿ, "ಸುಟ್ಟಾದ" ಅಥವಾ "ಇನ್ನಾ ಜೀವ ಅದ" ಎಂದುಬಿಡುತ್ತಿದ್ದ. ಮೀಟರ್ ಹಚ್ಚಿ ನೋಡಿದ ಎಂಜಿನಿಯರುಗಳೂ ಆಮೇಲೆ ಅದನ್ನೇ ಹೇಳುತ್ತಿದ್ದರು. ಸುರುಳಿಯ ಮೇಲಿನ ವಾರ್ನಿಶು ಒಮ್ಮೆ ಸುಟ್ಟರೆ ಅದರ ವಾಸನೆ ತೊಳೆದರೆ ಹೋಗುವಂಥದ್ದಲ್ಲ. ಈ ಕಾರ್ಡನ್ನು ಯಾರೋ ಪೆಟ್ರೋಲಿನಲ್ಲಿ ತಿಕ್ಕಿ ತೊಳೆದು, ಬಿಸಿ ಹೀರುವ ಹೊಸ ಪೇಸ್ಟು ಬಳಿದು, ಫ್ಯಾನಿನ ಎಲೆಗಳನ್ನು ಕನ್ನಡಿಯ ಹಾಗೆ ಒರೆಸಿದ್ದರು. ಅದರ ಕೆಳಗೆ ಸುಟ್ಟ ವಾಸನೆ ಹಾಗೆಯೇ ಕೂತಿತ್ತು. ಉಳಿದೆರಡನ್ನೂ ಮೂಸಿದ. ಅವೂ ಅಷ್ಟೆ.

"ಬರೀ ಗೇಮ್ ಆಡಕ ಹಾಕಿದ್ದವ್ರಿ. ಪಾರ್ಲರ್ ಬಂದ್ ಮಾಡ್ಲತ್ತೀನಂತ ಕೊಡ್ಲತ್ತೀನಿ," ಎಂದು ತುಷಾರ ಒಂದು ಕಾರ್ಡನ್ನು ಕಂಪ್ಯೂಟರಿಗೆ ಸಿಕ್ಕಿಸಿ ತೋರಿಸಿದ. ಪರದೆ ಮೂಡಿತು, ಬಣ್ಣಗಳು ಓಡಾಡಿದವು. ಎರಡು ನಿಮಿಷಕ್ಕೆ ಸ್ವಿಚ್ಚು ಆರಿಸಿದ.

"ಹ್ಯಾಂಗ ಅನಸ್ತದ್ರಿ ಅಪ್ಪಾ?" ಎಂದು ಅಶ್ವಜಿತ ಕೇಳಿದ.

ಮಗ ತನ್ನನ್ನು ಕೇಳಿದ್ದ. ಅದೂ ಒಂದು ಸಂತೋಷವೇ ಅಲ್ಲವೇ? ವೈಜಿನಾಥ ಕಾರ್ಡನ್ನು ಟವೆಲ್ಲಿನ ಮೇಲೆ ಇಟ್ಟು, "ಛಲೋ ಅವ, ತಗೋ," ಎಂದ.

ಎಂಟು ತಿಂಗಳ ಹಿಂದೆ ಬೀದರ ಹತ್ತಿರದ ಕೊಳಾರದ ಗೋದಾಮು ಮುಚ್ಚಿದಾಗ ಅಶ್ವಜಿತನ ಕೆಲಸ ಹೋಗಿತ್ತು. ಮೊದಲ ತಿಂಗಳು ಅರ್ಜಿ ಹಾಕಿದ, ಎರಡನೆಯ ತಿಂಗಳು ಗಡ್ಡ ಬಿಟ್ಟ, ಆಮೇಲೆ ಗೋಡೆಯ ಕಡೆ ಮುಖ ಮಾಡಿ ಮಲಗಿಬಿಟ್ಟ. ಒಂದು ಮಧ್ಯಾಹ್ನ ಚಹಾ ಕೊಡಲು ಹೋದ ತಾಯಿ ಕೇಶರಬಾಯಿ ಆ ಕೋಣೆಯಲ್ಲಿ ಕಂಡದ್ದನ್ನು ಗಂಡನೊಬ್ಬನಿಗೆ ಮಾತ್ರ ಹೇಳಿದಳು. ಹತ್ತು ನಿಮಿಷ ತಡವಾಗಿ ಚಹಾ ಮಾಡಿದ್ದರೆ ಮಗ ಉಳಿಯುತ್ತಿರಲಿಲ್ಲ. ಅಂದೇ ಅವಳು ಗಂಡನ ಕೈಗೆ ಸ್ಕ್ರೂಡ್ರೈವರ್ ಕೊಟ್ಟು ಕೋಣೆಯ ಒಳಗಿನ ಚಿಲಕ ಕಿತ್ತಿಸಿದಳು. ಏಕೆ ಎಂದು ಅಶ್ವಜಿತ ಕೇಳಲಿಲ್ಲ, ಅವರೂ ಹೇಳಲಿಲ್ಲ. ಬೀದರಿನ ಆ ಎರಡು ಕೋಣೆಯ ಮನೆಯಲ್ಲಿ ಗಂಡ ಹೆಂಡಿರಿಬ್ಬರೂ ಸರದಿಯ ಮೇಲೆ ನಿದ್ದೆ ಮಾಡತೊಡಗಿದರು.

ಅಂಥವನು ಒಂದು ದಿನ ತಾನಾಗಿಯೇ ಎದ್ದು ಬಂದು ಫೋನು ತೋರಿಸಿದ್ದ. ಈ ಕಾರ್ಡುಗಳನ್ನು ಸಾಲಾಗಿ ಜೋಡಿಸಿ ಹಗಲೂ ರಾತ್ರಿ ಗಣಿತ ಬಿಡಿಸಲು ಬಿಟ್ಟರೆ, ಅದರ ಕೂಲಿಯಾಗಿ ಕಣ್ಣಿಗೆ ಕಾಣದ ಒಂದು ನಾಣ್ಯದ ಚೂರುಪಾರು ಫೋನಿನಲ್ಲಿ ಬಂದು ಬೀಳುತ್ತದಂತೆ. ವೈಜಿನಾಥನಿಗೆ ಅರ್ಥವಾಗಿದ್ದು ಅಷ್ಟೆ, ಅದೂ ಪೂರ್ತಿ ಅಲ್ಲ. ಆದರೆ ಮಗ ಎರಡು ವಾರ ಹಾಸಿಗೆ ಬಿಟ್ಟು ಕುರ್ಚಿಯ ಮೇಲೆ ಕೂತು ಹಾಳೆಗಟ್ಟಲೆ ಬರೆದ. ಹೈದರಾಬಾದಿನಿಂದ ಹೊಸ ಕಾರ್ಡು ತರಿಸಿದರೆ ಇದ್ದ ದುಡ್ಡಿಗೆ ಒಂದಕ್ಕಿಂತ ಹೆಚ್ಚು ಬರುವುದಿಲ್ಲ. ಇದಕ್ಕೆಂದೇ ಮಾಡಿದ ಸಿದ್ಧ ಯಂತ್ರವೂ ಉಂಟು, ಅದರ ಸದ್ದನ್ನು ಫೋನಿನಲ್ಲಿ ಕೇಳಿಸಿದಾಗ ಕೇಶರಬಾಯಿ, "ಮನ್ಯಾಗ ಗಿರಣಿ ಹಾಕ್ತೀ ಏನೋ? ಹಂಗಿದ್ರ ಜ್ವಾಳನೂ ಬೀಸಿಕೊಡು," ಎಂದು ಕಿವಿ ಮುಚ್ಚಿಕೊಂಡಳು. ಕೊನೆಗೆ ಹಳೆಯ ಕಾರ್ಡೇ ನಮ್ಮ ಕೈಗೆ ಎಟುಕುವಂಥದ್ದು ಎಂದು ತೀರ್ಮಾನವಾಯಿತು. ಭಾಲ್ಕಿಯ ತುಷಾರನ ಹೆಸರು ಫೋನಿನ ಯಾವುದೋ ಗುಂಪಿನಲ್ಲಿ ಸಿಕ್ಕಿತ್ತು.

ಭಾಲ್ಕಿಯಿಂದ ವಾಪಸು ಬರುವಾಗ ಬೈಕು ಓಡಿಸುತ್ತಿದ್ದವನು ಅಶ್ವಜಿತ. ಹಿಂದೆ ಕೂತ ವೈಜಿನಾಥ ಕಾರ್ಡುಗಳ ಚೀಲವನ್ನು ತೊಡೆಯ ಮೇಲೆ ಕೂಸಿನ ಹಾಗೆ ಹಿಡಿದುಕೊಂಡಿದ್ದ. ಆಗಲಾದರೂ ಹೇಳಬಹುದಿತ್ತು. ಮಗ ಮಾತ್ರ ದಾರಿಯುದ್ದಕ್ಕೂ ಹಿಂದೆ ತಿರುಗಿ ತಿರುಗಿ, ಕಾರ್ಡು ಕೂರಿಸುವ ಚೌಕಟ್ಟು ಹೇಗೆ ಮಾಡುವುದು, ಕಿಟಕಿಯಿಂದ ಗಾಳಿ ಹೇಗೆ ತರುವುದು ಎಂದು ಹೇಳುತ್ತಲೇ ಇದ್ದ. "ಮುಂದ ನೋಡಿ ಹೊಡಿ," ಎನ್ನುವುದರ ಹೊರತು ವೈಜಿನಾಥ ಬೇರೇನೂ ಅನ್ನಲಿಲ್ಲ. ಒಂದು ವೇಳೆ ತನ್ನ ಮೂಗು ಮುದಿಯಾಗಿರಬಹುದು ಎಂದುಕೊಂಡ. ಹಾಗಾಗಿದ್ದರೆ ಎಷ್ಟು ಒಳ್ಳೆಯದು ಎಂದೂ ಆಸೆಪಟ್ಟ.

ತನ್ನ ಪಾಲಿನ ಕೆಲಸವನ್ನು ಮಾತ್ರ ಅವನು ಜೀವ ತೇದು ಮಾಡಿದ. ಮೀಟರಿನಿಂದ ಕೋಣೆಗೆ ದಪ್ಪ ತಾಮ್ರದ ವೈರಿನ ಬೇರೆಯೇ ಲೈನು ಎಳೆದ. ಹಿತ್ತಲಲ್ಲಿ ಆಳುದ್ದ ಗುಂಡಿ ತೋಡಿ, ತಗಡು ಇಳಿಸಿ, ಇದ್ದಿಲು ಉಪ್ಪು ಪದರ ಪದರವಾಗಿ ತುಂಬಿ, ದಾರಿ ತಪ್ಪಿದ ಕರೆಂಟನ್ನು ನೆಲಕ್ಕಿಳಿಸುವ ಅರ್ಥಿಂಗ್ ಮಾಡಿದ. ಅಶ್ವಜಿತ ಇಕ್ಕಳ ಕೊಡುತ್ತ, ಟೇಪು ಕೊಡುತ್ತ ಜತೆಗಿದ್ದ. ಮಗನ ಇಪ್ಪತ್ತೇಳು ವರ್ಷದಲ್ಲಿ ಅಪ್ಪ ಮಕ್ಕಳು ಅಷ್ಟು ಹೊತ್ತು ಒಟ್ಟಿಗೆ ಕೂತಿದ್ದೇ ಇಲ್ಲ. ಯಂತ್ರ ಶುರುವಾದ ದಿನ ಕೇಶರಬಾಯಿ ಬುದ್ಧನ ಪಟದ ಮುಂದೆ ಊದಿನಕಡ್ಡಿ ಹಚ್ಚಿ, ಅದರಲ್ಲೇ ಒಂದನ್ನು ತಂದು ಕಾರ್ಡುಗಳ ಮುಂದೆ ಸಿಕ್ಕಿಸಲು ಹೋದಳು. "ಅವ್ವಾ, ಹೊಗಿ ಆಗಿಬರಂಗಿಲ್ಲ ಅದಕ್ಕ!" ಎಂದು ಮಗ ಕೂಗಿದ. ಮೂವರೂ ನಕ್ಕರು.

ಹತ್ತೊಂಬತ್ತು ದಿನ ನಡೆಯಿತು. ಇಪ್ಪತ್ತನೆಯ ದಿನ ಒಂದು ಕಾರ್ಡು ನಿಂತಿತು. ಎರಡನೆಯದು ಅದಾದ ನಾಲ್ಕು ದಿನಕ್ಕೆ. ಮೂರನೆಯದು ಚಟ್ ಎಂದು ಕಿಡಿ ಹಾರಿಸಿ ಕೋಣೆಯ ತುಂಬ ಹೊಗೆ ಎಬ್ಬಿಸಿ ಸತ್ತಿತು. ತುಷಾರನಿಗೆ ಫೋನು ಮಾಡಿದರೆ, "ನಾ ಚಾಲೂ ಮಾಡಿ ತೋರ್ಸಿದ್ದೆ ಇಲ್ಲ? ನಿಮ್ಮ ಮನಿ ಕರೆಂಟ್ ನೋಡ್ಕೋರಿ," ಎಂದು ಇಟ್ಟುಬಿಟ್ಟ.

ಅಶ್ವಜಿತ ಮತ್ತೆ ಗೋಡೆಯ ಕಡೆ ತಿರುಗಿ ಮಲಗಿದ. ಒಂದು ದಿನ ಉಣ್ಣಲಿಲ್ಲ, ಎರಡು ದಿನ ಉಣ್ಣಲಿಲ್ಲ. ಮೂರನೆಯ ದಿನ ಬಾಗಿಲಲ್ಲಿ ತಟ್ಟೆ ಹಿಡಿದು ನಿಂತ ಕೇಶರಬಾಯಿಯನ್ನು ನೋಡಿ ವೈಜಿನಾಥ ಒಳಗೆ ಹೋಗಿ ಮಂಚದ ಅಂಚಿಗೆ ಕೂತ.

"ನಾನೇ ಆರಿಸಿದ್ದು ಅಪ್ಪಾ," ಎಂದಿತು ಗೋಡೆಯ ಕಡೆಯ ದನಿ. "ಎರಡು ವಾರ ಕೂತು ನೋಡಿ, ನೋಡಿ, ಕೆಟ್ಟ ಮಾಲೇ ಆರಿಸಿದೆ. ನನ್ನಿಂದ ಏನೂ ಆಗಂಗಿಲ್ರಿ. ನಾ ಇದ್ರೂ ಅಷ್ಟ, ಇರದಿದ್ರೂ ಅಷ್ಟ."

ಆ ಕೊನೆಯ ಮಾತು ಕೇಳಿ ವೈಜಿನಾಥನ ಕಣ್ಣು ಬಾಗಿಲಿನಲ್ಲಿ ಕಿತ್ತ ಚಿಲಕದ ಗುರುತಿನ ಕಡೆ ಹೋಯಿತು. ಭಾಲ್ಕಿಯಲ್ಲೇ ತನಗೆ ಗೊತ್ತಾಗಿತ್ತು ಎಂದರೆ ಮಗ ಮೋಸಹೋದದ್ದು ಗಟ್ಟಿಯಾಗುತ್ತದೆ. ಬೇರೆ ಏನಾದರೂ ಬೇಕಿತ್ತು, ತಕ್ಷಣ ಬೇಕಿತ್ತು. ಬಾಯಿಗೆ ಬಂದದ್ದನ್ನು ಹೇಳಿಬಿಟ್ಟ.

"ನೀ ಆರಿಸಿದ್ದು ಸರಿನೇ ಅದ. ತಪ್ಪಾದದ್ದು ನಂದು. ಅರ್ಥಿಂಗ್ ಸರಿ ಕೂತಿಲ್ಲ. ನನಗ ಮೊದ್ಲೇ ಶಂಕಾ ಬಂದಿತ್ತು, ಬಾಯಿ ಮುಚ್ಕೊಂಡು ಕೂತೆ."

ಮಗ ನಿಧಾನವಾಗಿ ಇತ್ತ ತಿರುಗಿದ. "ನಿಮ್ಮ ಅರ್ಥಿಂಗಾ?"

"ವಯಸ್ಸಾಯ್ತು ನೋಡಪ್ಪ," ಎಂದ ವೈಜಿನಾಥ. ಮೂವತ್ತೊಂದು ವರ್ಷದಲ್ಲಿ ಅವನ ಕೆಲಸದ ಮೇಲೆ ಒಂದು ದೂರೂ ಬಂದಿರಲಿಲ್ಲ. ಆ ಮಾತು ಆಡುವಾಗ ಅವನಿಗೆ ತನ್ನ ಬಟ್ಟೆಯನ್ನು ತಾನೇ ಬಿಚ್ಚಿ ಬೀದಿಗೆ ಎಸೆದ ಹಾಗಾಯಿತು. ಆದರೆ ಮಗ ಎದ್ದು ಕೂತಿದ್ದ. ಸಿಟ್ಟಿನಿಂದ ಕಿವಿ ಕೆಂಪಾಗಿತ್ತು. ಆ ಸಿಟ್ಟಿನಲ್ಲೇ ತಾಯಿಯ ಕೈಯಿಂದ ತಟ್ಟೆ ಕಸಿದುಕೊಂಡು ಎರಡು ರೊಟ್ಟಿ ತಿಂದ.

ಮರುದಿನ ಮುಂಜಾನೆ ಅಶ್ವಜಿತ ತಾನೇ ಹೋಗಿ ಜುಲ್ಫೀಕಾರನನ್ನು ಕರೆತಂದ. ಜುಲ್ಫೀಕಾರ ಹಿಂದೆ ವೈಜಿನಾಥನ ಕೈಕೆಳಗೆ ಕಂಬ ಹತ್ತಲು ಕಲಿತವನು, ಈಗ ಖಾಸಗಿ ವೈರಿಂಗ್ ಕೆಲಸ ಮಾಡುತ್ತಿದ್ದ. ಉಸ್ತಾದನ ಕೆಲಸವನ್ನು ತಾನು ಪರೀಕ್ಷೆ ಮಾಡುವುದೆಂದರೆ ಅವನಿಗೇ ನಾಚಿಕೆ. ಅಶ್ವಜಿತ ಒಳಗೆ ಸ್ವಿಚ್ಚಿನ ಹತ್ತಿರ ನಿಂತ. ಹಿತ್ತಲಲ್ಲಿ ಜುಲ್ಫೀಕಾರ ಬಲ್ಬಿನ ಒಂದು ವೈರನ್ನು ಲೈನಿಗೂ ಇನ್ನೊಂದನ್ನು ಅರ್ಥಿಂಗಿನ ಪಟ್ಟಿಗೂ ಮುಟ್ಟಿಸಿದ. ಬಲ್ಬು ಬಿಸಿಲಲ್ಲೂ ಕಣ್ಣು ಕುಕ್ಕುವಷ್ಟು ಬೆಳಗಿತು. ಅರ್ಥಿಂಗ್ ಕೆಟ್ಟಿದ್ದರೆ ಅದು ಹಾಗೆ ಹತ್ತುತ್ತಿರಲಿಲ್ಲ. ಅವನು ತಲೆ ಎತ್ತಿ ಉಸ್ತಾದನನ್ನು ನೋಡಿದ.

ವೈಜಿನಾಥ ಹೇಳಬೇಡ ಎನ್ನುವ ಹಾಗೆ ತಲೆಯಾಡಿಸಿ ಎರಡೂ ಕೈ ಜೋಡಿಸಿದ.

"ಹ್ಯಾಂಗದರಿ?" ಎಂದು ಒಳಗಿನಿಂದ ಕೂಗು ಬಂತು.

ಜುಲ್ಫೀಕಾರ ವೈರು ತೆಗೆದ. ಜೋಡಿಸಿದ ಆ ಕೈಗಳನ್ನು ಇನ್ನೊಮ್ಮೆ ನೋಡಿ, ಒಳಗೆ ಕೇಳುವ ಹಾಗೆ ಕೂಗಿದ. "ಖರಾಬ ಅದ ಬಾಬಾ! ಪೂರಾ ತೆಗ್ದು ಹೊಸಾದು ಹಾಕ್ಬೇಕಾಗ್ತದ!"

ಅಶ್ವಜಿತ ಹಿತ್ತಲಿಗೆ ಓಡಿ ಬಂದ. ಮುಖ ತೊಳೆದ ಹಾಗೆ ತಿಳಿಯಾಗಿತ್ತು. "ಹಂಗಿದ್ರ ಮಾಲ್ ಸರಿನೇ ಇತ್ತು! ನಾ ಹೇಳಿರಲಿಲ್ಲ?" ಎಂದು ತಾಯಿಗೆ ಕೂಗಿ ಹೇಳಿದ. ಒಳಗೆ ಹೋಗಿ ಗಡ್ಡ ಹೆರೆದುಕೊಂಡ, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡ, ಕೇಳಿ ಹಾಕಿಸಿಕೊಂಡು ಉಂಡ. ಕೇಶರಬಾಯಿ ಸೆರಗಿನಿಂದ ಕಣ್ಣು ಒರೆಸಿಕೊಂಡು ಜುಲ್ಫೀಕಾರನಿಗೆ ಚಹಾ ಕೊಟ್ಟಳು. ಅವನು ಅದನ್ನು ತಲೆ ತಗ್ಗಿಸಿ ಕುಡಿದು ಹಾರೆ ಹಿಡಿದ. ಇಷ್ಟಕ್ಕೇ ಮುಗಿಯಿತು ಎಂದು ವೈಜಿನಾಥ ಉಸಿರು ಬಿಟ್ಟ.

ಆಗ ಹೊರಗೆ ಬೈಕು ಗುರ್ರೆಂದಿತು.

"ಎಲ್ಲಿಗೋ?" ಎಂದು ಅವನು ಓಡಿದ.

"ಭಾಲ್ಕಿಗ್ರಿ. ತುಷಾರನ ಬಲ್ಲಿ ಇನ್ನ ಮೂರು ಅವ, ಅದೇ ಮಾಲು. ಈ ಬೈಕ್ ಅವನಿಗಿ ಕೊಟ್ಟು ಅವು ತರ್ತೀನಿ. ಮಾತಾಡೀನಿ."

ವೈಜಿನಾಥ ಹ್ಯಾಂಡಲ್ ಹಿಡಿದುಕೊಂಡ. ಮೂರು ವಾರ, ಹೆಚ್ಚೆಂದರೆ ಒಂದು ತಿಂಗಳು. ಆಮೇಲೆ ಅವೂ ಸುಡುತ್ತವೆ. ಆಗ ಯಾವ ತಪ್ಪನ್ನು ಒಪ್ಪಿಕೊಂಡು ಮಗನನ್ನು ಹಾಸಿಗೆಯಿಂದ ಎಬ್ಬಿಸುವುದು? ಅವನ ಬಳಿ ಇನ್ನು ಯಾವ ತಪ್ಪೂ ಉಳಿದಿರಲಿಲ್ಲ.

"ಬ್ಯಾಡೋ. ಅರ್ಥಿಂಗ್ ಸರಿನೇ ಅದ. ನಾ ಸುಳ್ಳು ಹೇಳಿದೆ. ಮಾಲೇ ಸುಟ್ಟಿದ್ದು, ಭಾಲ್ಕಿಯಾಗ ಮೂಸಿದಾಗೇ ಗೊತ್ತಾಗಿತ್ತು ನನಗ."

ಅಶ್ವಜಿತ ಬೈಕು ಬಂದ್ ಮಾಡದೆ ಅವನ ಮುಖವನ್ನೇ ನೋಡಿದ. "ಗೊತ್ತಿದ್ದು 'ತಗೋ' ಅಂದ್ರ್ಯಾ?"

"ಹೌದು."

"ಯಾವ ಅಪ್ಪರೇ ಹಂಗ ಅಂತಾನ್ರಿ?"

ಇದಕ್ಕೆ ವೈಜಿನಾಥನ ಬಳಿ ಉತ್ತರವಿತ್ತು. ನೀನು ನಕ್ಕೆ, ಅದಕ್ಕೆ, ಎಂದು ಹೇಳಬೇಕಿತ್ತು. ಅದರ ಬದಲು, "ಜುಲ್ಫೀಕಾರನ್ನ ಕೇಳು ಬೇಕಾದ್ರ, ಬಲ್ಬ್ ಛಲೋ ಹತ್ತಿತ್ತು," ಎಂದ.

"ನೀವು ಅನ್ನು ಅಂದದ್ದೇ ಅಂತಾನ ಅವ. ನನಗ ಗೊತ್ತಿಲ್ಲೇನು?" ಅಶ್ವಜಿತ ಅಪ್ಪನ ಕೈಯನ್ನು ಹ್ಯಾಂಡಲಿನಿಂದ ಬಿಡಿಸಿದ. "ಶಿಷ್ಯನ ಮುಂದ ಮಾನ ಹೋಯ್ತಂತ ಈಗ ಇದೊಂದು ಕತಿ ಕಟ್ಲತ್ತಿ. ನಿನ್ನೆ ತಪ್ಪು ಒಪ್ಕೊಂಡಾಗ ನನ್ನ ಮನಸ್ಸಿಗ ಎಷ್ಟು ಹಗುರ ಆಗಿತ್ತು ಗೊತ್ತಾ? ಅದ್ನೂ ತಿರುಗಿ ತಗೊಳ್ಳಬ್ಯಾಡ ನೀ."

ಅವನು ಅಪ್ಪನನ್ನು ಏಕವಚನದಲ್ಲಿ ಮಾತಾಡಿಸಿದ್ದು ಅದೇ ಮೊದಲು. ಬೈಕು ಓಣಿಯ ತಿರುವು ದಾಟಿ ಹೋಯಿತು.

"ಹೋಗ್ಲಿ ಬಿಡ್ರಿ," ಎಂದಳು ಬಾಗಿಲಲ್ಲಿ ನಿಂತಿದ್ದ ಕೇಶರಬಾಯಿ. "ಉಂಡು ಹೋಗ್ಯಾನ."

ವೈಜಿನಾಥ ಹಿತ್ತಲಿಗೆ ಬಂದ. ಜುಲ್ಫೀಕಾರ ಮೊಣಕಾಲಿನ ತನಕ ಗುಂಡಿಯಲ್ಲಿ ಇಳಿದಿದ್ದ, ಹಾರೆ ಕೈಯಲ್ಲಿ ಸುಮ್ಮನೆ ನಿಂತಿತ್ತು. ಎಲ್ಲವೂ ಅವನ ಕಿವಿಗೆ ಬಿದ್ದಿತ್ತು.

"ಉಸ್ತಾದ್, ಇನ್ನ ಯಾಕ್ರಿ ಇದು? ಮುಚ್ಚಿಬಿಡ್ಲ್ಯಾ?"

"ಬ್ಯಾಡ, ಅಗಿ," ಎಂದ ವೈಜಿನಾಥ. "ಹುಡುಗ ಸಂಜಿಕಿ ಬಂದು ನೋಡ್ತಾನ, ಹೊಸಾದು ಕಾಣ್ಬೇಕು."

ಮೂಲೆಯಲ್ಲಿದ್ದ ಬುಟ್ಟಿ ತಂದು ಗುಂಡಿಯ ಅಂಚಿಗೆ ಕೂತು ಕೈ ಚಾಚಿದ. ಜುಲ್ಫೀಕಾರ ಬಗೆದು ಕೊಟ್ಟ ಇದ್ದಿಲು ಇನ್ನೂ ತೇವವಾಗಿತ್ತು, ತಂಪಾಗಿತ್ತು. ವೈಜಿನಾಥ ಅದನ್ನು ಬೊಗಸೆಯಲ್ಲಿ ತುಂಬಿ ತುಂಬಿ ಬುಟ್ಟಿಗೆ ಹಾಕತೊಡಗಿದ.