ಪಟ್ಟದ ರಾಣಿಗೆ ಪಿನ್ನು

ಭಾನುಮತಿಯ ಬಳೆಯಲ್ಲಿ ಯಾವಾಗಲೂ ಐದಾರು ಪಿನ್ನು ನೇತಾಡುತ್ತಿದ್ದವು. ನಂಜನಗೂಡಿನಲ್ಲಿ ಮೂವತ್ತು ವರ್ಷ ರವಿಕೆ ಹೊಲಿದ ಕೈ ಅದು. ವಿಮಾನ ನಿಲ್ದಾಣದಲ್ಲಿ ತಪಾಸಣೆಯ ಯಂತ್ರ ಕುಂಯ್ ಅಂತ ಸದ್ದು ಮಾಡಿ, ಪೊಲೀಸಿನವನು ಒಂದೊಂದಾಗಿ ಬಿಚ್ಚಿಸಿದಾಗಲೂ ಅವಳು ಎಣಿಸಿಕೊಂಡು ವಾಪಸು ಇಸಕೊಂಡಿದ್ದಳು.

ಮಗಳು ಶರ್ಮಿಳಾ ಐರ್ಲೆಂಡಿನ ಡ್ರೋಹೆಡಾ ಊರಿನ ದೊಡ್ಡಾಸ್ಪತ್ರೆಯಲ್ಲಿ ಡಾಕ್ಟರು. ಎರಡು ತಿಂಗಳು ಇದ್ದು ಹೋಗೋಣ ಅಂತ ಭಾನುಮತಿ ಫೆಬ್ರವರಿಯಲ್ಲಿ ಬಂದಿಳಿದಳು. ಮಾರ್ಚಿನಲ್ಲಿ ಕೊರೊನಾ ಬಂತು, ವಿಮಾನ ನಿಂತವು. ಈಗ ಅಕ್ಟೋಬರ್. ಮಗಳು ಡ್ಯೂಟಿಗೆ ಹೋದರೆ ಬರುವ ಹೊತ್ತು ಗೊತ್ತಿಲ್ಲ. ಅಳಿಯ ಕೃಷ್ಣಪ್ರಸಾದ ಮಹಡಿಯ ಮೇಲೆ ಕಂಪ್ಯೂಟರಿನ ಮುಂದೆ ಕೂತರೆ ಊಟಕ್ಕೆ ಮಾತ್ರ ಇಳಿಯುವವನು. ಹದಿನೈದು ವರ್ಷದ ಮೊಮ್ಮಗಳು ಪೃಥ್ವಿ ಇದ್ದಳು, ಆದರೆ ಅವಳು ಮೂರು ವಾರದಿಂದ ಅಜ್ಜಿಯ ಜೊತೆ ಮಾತು ಬಿಟ್ಟಿದ್ದಳು.

ತಪ್ಪು ಭಾನುಮತಿಯ ಬಾಯಿಯದೇ. ಹುಡುಗಿ ತಲೆಯ ಒಂದು ಪಕ್ಕ ನುಣ್ಣಗೆ ಬೋಳಿಸಿಕೊಂಡು, ತುಟಿಗೆ ಕಪ್ಪು ಬಳಿದುಕೊಂಡು, ಕಪ್ಪು ಲಂಗ, ಕಪ್ಪು ಬೂಟು ಹಾಕಿ ಊಟಕ್ಕೆ ಬಂದು ಕೂತಿದ್ದಳು. "ಯಾರು ಸತ್ರೇ ಮನೇಲಿ?" ಅಂದುಬಿಟ್ಟಳು ಭಾನುಮತಿ. ಹುಡುಗಿ ತಟ್ಟೆ ಬಿಟ್ಟು ಎದ್ದಳು. ಅಷ್ಟೇ.

ಹಾಗಾಗಿ ಭಾನುಮತಿಗೆ ಆ ಊರಿನಲ್ಲಿ ಉಳಿದದ್ದು ಒಬ್ಬಳೇ: ಎದುರು ಸಾಲಿನ ಮೊರೀನ್. ಅರವತ್ತು ದಾಟಿದ, ನಿವೃತ್ತಿಯಾದ ನರ್ಸು. ಏಪ್ರಿಲ್‌ನಲ್ಲಿ ಗೇಟಿನ ಹತ್ತಿರ ಭಾನುಮತಿಯ ಬಳೆಯ ಪಿನ್ನುಗಳನ್ನು ಕಂಡವಳೇ ಬೆರಳು ತೋರಿಸಿ ಜೋರಾಗಿ ನಕ್ಕು, ತನ್ನ ಕಿವಿಯ ಹಾಲೆ ಎಳೆದು ಏನೋ ಹೇಳಿದ್ದಳು. ಕಿವಿ ನೋಯ್ತಿರಬೇಕು ಅಂದುಕೊಂಡ ಭಾನುಮತಿ ಮರುದಿನ ಓಮದ ಎಣ್ಣೆ ತಂದು ಕಾಂಪೌಂಡಿನ ಗೋಡೆಯ ಮೇಲಿಟ್ಟಳು. ಅಂದಿನಿಂದ ದಿನಾ ನಾಲ್ಕು ಗಂಟೆಗೆ ಇಬ್ಬರೂ ಎರಡು ಮೀಟರ್ ದೂರದಲ್ಲಿ ಬಾಯ್ನ್ ನದಿಯ ದಂಡೆಗೆ ವಾಕಿಂಗು. ಅವಳು ಇಂಗ್ಲಿಷಿನಲ್ಲಿ ಸೊಂಟನೋವು, ಸತ್ತ ಗಂಡ, ಸರ್ಕಾರ ಎಲ್ಲವನ್ನೂ ಹೇಳುತ್ತಿದ್ದಳು. ಇವಳು ಕನ್ನಡದಲ್ಲಿ ಅದನ್ನೇ ಹೇಳುತ್ತಿದ್ದಳು. ಕೊನೆಗೆ ಅವಳು, ಎಲ್ಲ ಸರಿ ಅನ್ನುವ ಹಾಗೆ, "ಗ್ರ್ಯಾಂಡ್" ಅಂದರೆ ಇವಳೂ "ಗ್ರ್ಯಾಂಡ್" ಅನ್ನುವಳು. ಇಷ್ಟು ಚೆನ್ನಾಗಿ ಭಾನುಮತಿಯ ಮಾತು ಕೇಳಿಸಿಕೊಂಡವರು ನಂಜನಗೂಡಿನಲ್ಲೂ ಇರಲಿಲ್ಲ.

ನವರಾತ್ರಿ ಹತ್ತಿರ ಬಂದಾಗ ಭಾನುಮತಿಗೆ ಸಂಕಟ ಶುರುವಾಯಿತು. ಮದುವೆಯಲ್ಲಿ ತಾಯಿ ಕೊಟ್ಟ ಪಟ್ಟದ ಗೊಂಬೆಗಳು, ಆ ಮರದ ರಾಜ ರಾಣಿ, ನಂಜನಗೂಡಿನ ಟ್ರಂಕಿನಲ್ಲಿ ಹಳೇ ಪಂಚೆ ಸುತ್ತಿಕೊಂಡು ಮಲಗಿದ್ದವು. ಮೂವತ್ತೆಂಟು ವರ್ಷದಲ್ಲಿ ಒಂದು ಸಲವೂ ಗೊಂಬೆ ಕೂರಿಸುವುದು ತಪ್ಪಿರಲಿಲ್ಲ. ರಾಜ ರಾಣಿ ಇಲ್ಲದೆ ಮಿಕ್ಕ ಗೊಂಬೆ ಎಷ್ಟಿದ್ದರೇನು? ಯಜಮಾನರಿಲ್ಲದ ಮನೆಯಲ್ಲಿ ನೆಂಟರು ಬಂದು ಕೂತ ಹಾಗೆ.

ದಾರಿ ತೋರಿಸಿದ್ದು ಊರಿನ ಹಳೇ ಸಾಮಾನಿನ ಅಂಗಡಿ. ಕಿಟಕಿಯಲ್ಲಿ ಒಂದು ಪಿಂಗಾಣಿ ರಾಣಿ ಕೂತಿದ್ದಳು. ದುಂಡನೆಯ ಮೈ, ಕಪ್ಪು ಗೌನು, ಬಿಳೀ ಲೇಸು ಬಟ್ಟೆಯ ಮುಸುಕು, ತಲೆಯ ಮೇಲೆ ಪುಟ್ಟ ಕಿರೀಟ. ಭಾನುಮತಿ ಗಕ್ಕನೆ ನಿಂತಳು. ಈ ಮುಖ ಗೊತ್ತು! ಅವಳ ಅಜ್ಜಿಯ ಕಾಸಿನ ಸರದಲ್ಲಿದ್ದ ರಾಣಿ ಛಾಪಿನ ನಾಣ್ಯಗಳಲ್ಲಿ ಇದ್ದವಳು ಇವಳೇ. ಅಜ್ಜಿಯ ಮಡಿಲಲ್ಲಿ ಕೂತು ಆ ಮೂಗು, ಆ ಗಲ್ಲವನ್ನು ಬೆರಳಿನಲ್ಲಿ ಸವರಿ ಸವರಿ ಬೆಳೆದವಳು ಭಾನುಮತಿ. ಪರದೇಶದಲ್ಲಿ ತವರಿನವರು ಸಿಕ್ಕಿದ ಹಾಗಾಯಿತು. ಎದೆಗವುಚಿಕೊಂಡು ತಂದಳು.

ರಾಣಿ ಸಿಕ್ಕಿದಳು, ರಾಜ ಬೇಕಲ್ಲ? ಅಳಿಯನ ಮೇಜಿನ ಮೇಲೆ ವಿಮಾನ ನಿಲ್ದಾಣದಲ್ಲಿ ಕೊಂಡ ಒಬ್ಬ ಕುಳ್ಳನ ಗೊಂಬೆಯಿತ್ತು. ಹಸಿರು ಕೋಟು, ಹಸಿರು ಟೋಪಿ, ಕೆಂಪು ಗಡ್ಡ. ಈ ದೇಶದ ಕಥೆಗಳಲ್ಲಿ ಬರುವ ಯಕ್ಷನಂಥವನು, ಲೆಪ್ರೆಕಾನ್ ಅಂತಾರೆ ಎಂದು ಅಳಿಯ ಹೇಳಿದ್ದ. ಬಂಗಾರದ ಕೊಪ್ಪರಿಗೆ ಕಾಯುತ್ತಾನಂತೆ. ಬಂಗಾರ ಇದ್ದ ಮೇಲೆ ರಾಜನಲ್ಲದೆ ಇನ್ನೇನು?

ಮನೆಯೊಳಗೆ ಯಾರೂ ಬರುವ ಹಾಗಿಲ್ಲವೆಂದು ಸರ್ಕಾರ ಹೇಳಿತ್ತು. ಸರಿ, ಬೀದಿಯಿಂದಲೇ ನೋಡಲಿ ಎಂದು ಭಾನುಮತಿ ಮುಂದಿನ ಕಿಟಕಿಗೇ ಮೆಟ್ಟಿಲು ಕಟ್ಟಿದಳು. ಶನಿವಾರ ಬೆಳಗ್ಗೆ ಸ್ನಾನ ಮಾಡಿ, ಮೇಲಿನ ಮೆಟ್ಟಿಲಿನಲ್ಲಿ ರಾಣಿಯನ್ನೂ ಕುಳ್ಳನನ್ನೂ ಒತ್ತಾಗಿ ಕೂರಿಸಿ, ಕಳಶ ಇಟ್ಟು, ಇಬ್ಬರಿಗೂ ಕುಂಕುಮ ಹಚ್ಚಿ, ಆರತಿ ಎತ್ತಿದಳು. ಪೃಥ್ವಿ ಬಾಗಿಲಲ್ಲಿ ನಿಂತು ನೋಡಿದಳು. ಬಾಯಿ ತೆರೆದಳು. ಮತ್ತೆ ಮುಚ್ಚಿಕೊಂಡು ಮಹಡಿ ಹತ್ತಿದಳು.

ನಾಲ್ಕು ಗಂಟೆಗೆ ಮೊರೀನ್ ಬರಬೇಕಿತ್ತು. ಹದಿನೈದು ದಿನದಿಂದ ಭಾನುಮತಿ ಅವಳಿಗೆ ಒಂದೇ ಪಾಠ ಹೇಳಿಕೊಟ್ಟಿದ್ದಳು. ನಮ್ಮೂರಲ್ಲಿ ಮಕ್ಕಳು ಮನೆ ಮನೆ ಮುಂದೆ ನಿಂತು "ಗೊಂಬೆ ಕೂರ್ಸಿದ್ದೀರಾ?" ಅಂತ ಕೇಳಬೇಕು, ಕೇಳಿದವರಿಗೆ ಚರ್ಪು ಕೊಡಬೇಕು. ಅವತ್ತಿನ ಚರ್ಪು ಕಡಲೆಕಾಳಿನ ಉಸಲಿ. ಭಾನುಮತಿ ಬಟ್ಟಲು ಹಿಡಿದು ಹೊಸಿಲಲ್ಲಿ ಕಾದಳು.

ಮೊರೀನ್ ಬಂದಳು. ನಗುತ್ತಾ ಕಿಟಕಿಯ ಕಡೆ ತಿರುಗಿದಳು. ನಗು ಅಲ್ಲೇ ನಿಂತಿತು. ಒಂದು ಸಲ ರಾಣಿಯನ್ನು ನೋಡಿದಳು, ಒಂದು ಸಲ ಕುಳ್ಳನನ್ನು, ಒಂದು ಸಲ ಭಾನುಮತಿಯನ್ನು. ಕತ್ತಿನವರೆಗೂ ಕೆಂಪೇರಿತು. ಒಂದೆರಡು ಮಾತು ಅಂದಳು, ಅದರಲ್ಲಿ 'ಗ್ರ್ಯಾಂಡ್' ಇರಲಿಲ್ಲ. ಬೆನ್ನು ತಿರುಗಿಸಿ ಹೊರಟೇಹೋದಳು.

ಭಾನುವಾರ ಬರಲಿಲ್ಲ. ಸೋಮವಾರ ರಸ್ತೆಯ ಆಚೆ ಬದಿಯಲ್ಲಿ ತಲೆ ತಗ್ಗಿಸಿಕೊಂಡು ಒಬ್ಬಳೇ ನಡೆದುಹೋದಳು. ಅವತ್ತು ಸಂಜೆ ಟೀವಿಯಲ್ಲಿ ಹೇಳಿದರು: ಬುಧವಾರದಿಂದ ಮತ್ತೆ ಲಾಕ್‌ಡೌನ್, ಆರು ವಾರ. ಮನೆಯಿಂದ ಐದು ಕಿಲೋಮೀಟರ್ ದಾಟುವಂತಿಲ್ಲ.

ಆರು ವಾರ! ಭಾನುಮತಿ ಮಂಗಳವಾರವೆಲ್ಲ ಪಾತ್ರೆಗಳನ್ನು ಕುಕ್ಕಿ ಕುಕ್ಕಿ ತೊಳೆದಳು. ಪೃಥ್ವಿ ಶಾಲೆಯಿಂದ ಬಂದು ಫ್ರಿಜ್ ತೆಗೆಯುವ ಹೊತ್ತಿಗೆ ಸಿಟ್ಟು ಉಕ್ಕಿ ಸುರಿಯಿತು.

"ದೇವರಿಗಿಟ್ಟ ಗೊಂಬೆ ನೋಡಿ ಮುಖ ತಿರುಗಿಸ್ಕೊಂಡು ಹೋದ್ಳಲ್ಲ ಆ ನಿನ್ನ ಮೊರೀನು! ಆರು ತಿಂಗಳು ಜೊತೆಗೆ ಕಾಲು ಸವೆಸಿದೀನಿ. ಕೊಬ್ಬು ಕಣೇ, ಬಿಳೀ ತೊಗಲಿನ ಕೊಬ್ಬು!"

ಪೃಥ್ವಿ ಫ್ರಿಜ್ ಬಾಗಿಲು ಮುಚ್ಚಿದಳು. ಹುಡುಗಿಗೆ ಕನ್ನಡ ಪೂರ್ತಿ ಅರ್ಥವಾಗುತ್ತಿತ್ತು, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ಜಗಳವಾಡುವಾಗ ಮಾತ್ರ ಕನ್ನಡ, ಅಜ್ಜಿಗೆ ತಪ್ಪದೆ ತಟ್ಟಲಿ ಅಂತ.

"ಅವ್ರದ್ದಲ್ಲ ತಪ್ಪು. ನಿಮ್ದು. ಅದು ಯಾರು ಗೊತ್ತಾ? ಕ್ವೀನ್ ವಿಕ್ಟೋರಿಯಾ. ಇಂಗ್ಲೆಂಡ್ ರಾಣಿ."

"ಗೊತ್ತು. ನಮ್ಮಜ್ಜಿ ಕಾಸಿನ ಸರದಲ್ಲಿದ್ಲು."

"ಇಲ್ಲಿ ಅವ್ಳನ್ನ ಏನಂತಾರೆ ಗೊತ್ತಾ? ಬರಗಾಲದ ರಾಣಿ ಅಂತ. ಅವ್ಳ ಕಾಲ್ದಲ್ಲೇ ಇಲ್ಲಿ ಆಲೂಗಡ್ಡೆ ಕೊಳೆತು ಹತ್ತು ಲಕ್ಷ ಜನ ಸತ್ತಿದ್ದು. ತಿನ್ನೋಕಿಲ್ದೆ, ಅಜ್ಜಿ! ಆಗ್ಲೂ ಹಡಗಲ್ಲಿ ಕಾಳು ಇಂಗ್ಲೆಂಡಿಗೆ ಹೋಗ್ತಿತ್ತು. ಮೊರೀನ್ ಅವರ ಮುತ್ತಾತನ ಮನೇಲಿ ಒಂಬತ್ತು ಜನರಲ್ಲಿ ಇಬ್ರು ಉಳಿದ್ರಂತೆ. ನೀವು ಅವ್ಳಿಗೆ ಆರತಿ ಎತ್ತಿದೀರ. ಸಾಲ್ದು ಅಂತ ಪಕ್ಕದಲ್ಲಿ ಒಬ್ಬ ಲೆಪ್ರೆಕಾನ್ ಗಂಡ! ಐರಿಷ್ನೋರನ್ನ ಆಡ್ಕೊಳ್ಳೋಕೆ ಇಂಗ್ಲಿಷ್ನೋರು ಬರೀತಿದ್ದ ಕಾರ್ಟೂನ್ ಥರಾನೇ ಇದೆ."

ಭಾನುಮತಿ ಕೈಯಲ್ಲಿದ್ದ ಸೌಟನ್ನು ಕೆಳಗಿಟ್ಟಳು. ಹತ್ತು ಲಕ್ಷ. ಹೊಸಿಲಲ್ಲಿ ಕಡಲೆಕಾಳಿನ ಬಟ್ಟಲು ಹಿಡಿದು ನಿಂತದ್ದು ನೆನಪಾಯಿತು.

"ಮತ್ತೆ ಶನಿವಾರ ನೋಡ್ಕೊಂಡು ನಿಂತಿದ್ಯಲ್ಲ, ಬಾಯಲ್ಲಿ ಏನಿತ್ತೇ, ಕಡುಬಾ?"

"ನೀವು ಕೇಳ್ಲಿಲ್ಲ." ಹುಡುಗಿ ತೋಳಿನಿಂದ ಕಣ್ಣೊರೆಸಿಕೊಂಡಳು. "ನನ್ ಹತ್ರ ಮಾತಾಡಿದ್ರೆ ತಾನೇ ಕೇಳೋದು. ಯಾರು ಸತ್ರು ಅಂತ ಕೇಳೋಕಾಗತ್ತೆ, ಇದು ಕೇಳೋಕಾಗಲ್ವಾ?"

ಭಾನುಮತಿಗೆ ತಪ್ಪಾಯಿತು ಅನ್ನುವ ಮಾತು ಬಾಯಿಗೆ ಬರುವುದು ಕಷ್ಟ. ಅವಳು ಹೋಗಿ ಮೊಮ್ಮಗಳಿಗೆ ಒಂದು ಬಟ್ಟಲು ಉಸಲಿ ತಂದು ಮುಂದಿಟ್ಟಳು. ಹುಡುಗಿ ಮೂಗೊರೆಸಿಕೊಂಡು ತಿನ್ನತೊಡಗಿದಳು. ಆ ಮನೆಯಲ್ಲಿ ರಾಜಿಯಾಗುತ್ತಿದ್ದದ್ದು ಹಾಗೇ.

"ರಾಣಿನ ತೆಗೆದ್ಬಿಡಿ ಅಜ್ಜಿ, ಅಷ್ಟೇ."

"ತೆಗೆಯೋಕಾಗಲ್ಲ. ಕಳಶ ಇಟ್ಟು ಕೂರ್ಸಿದ ಪಟ್ಟದ ಗೊಂಬೆನ ವಿಜಯದಶಮಿ ತನಕ ಅಲುಗಿಸೋ ಹಾಗಿಲ್ಲ. ಹೋಗಿ ಕಾಲಿಗೆ ಬೀಳ್ತೀನಿ ಅಂದ್ರೆ ಎರಡು ಮೀಟರ್ ದೂರದಿಂದ ಹೇಗೆ ಬೀಳ್ಲಿ?"

ಪೃಥ್ವಿ ಅಜ್ಜಿಯ ಬಳೆಯನ್ನೇ ನೋಡುತ್ತಿದ್ದಳು. ಅಲ್ಲಿ ಪಿನ್ನುಗಳು ತೂಗುತ್ತಿದ್ದವು. ಇದ್ದಕ್ಕಿದ್ದ ಹಾಗೆ ಅವಳ ಕಪ್ಪು ತುಟಿ ಅಗಲವಾಯಿತು.

"ಮೊರೀನ್ ಯಂಗ್ ಇದ್ದಾಗ ಪಂಕ್ ಆಗಿದ್ರು, ಗೊತ್ತಾ? ನನ್ನ ಬೂಟ್ ನೋಡಿ ಹೇಳಿದ್ರು."

ಪಂಕ್ ಅಂದರೇನೆಂದು ವಿವರಿಸಲು ಫೋನೇ ಬೇಕಾಯಿತು. ಮೊರೀನ್ ಹತ್ತೊಂಬತ್ತರಲ್ಲಿ ಲಂಡನ್ನಿಗೆ ನರ್ಸಿಂಗ್ ಕಲಿಯಲು ಹೋದಾಗ, ಈಗಿನ ರಾಣಿ ಪಟ್ಟಕ್ಕೆ ಬಂದು ಇಪ್ಪತ್ತೈದು ವರ್ಷವಾಯಿತೆಂದು ಊರೆಲ್ಲ ಬಾವುಟ ಕಟ್ಟಿದ್ದರು. ಅದೇ ಬೀದಿಗಳಲ್ಲಿ ಒಂದಷ್ಟು ಹುಡುಗ ಹುಡುಗಿಯರು ಕೂದಲನ್ನು ಕೋಳಿ ಜುಟ್ಟಿನ ಹಾಗೆ ನಿಲ್ಲಿಸಿ, ಹಸಿರು ಬಣ್ಣ ಬಳಿದು, ಹರಕು ಬಟ್ಟೆಗೆ ಪಿನ್ನು ಹಾಕಿ, ಕಿವಿಗೂ ಪಿನ್ನು ಚುಚ್ಚಿ, ರಾಣಿಯ ಚಿತ್ರದ ತುಟಿಗೂ ಪಿನ್ನು ಹಾಕಿ ಅಣಕಿಸುತ್ತಾ ತಿರುಗಿದರು. ಅವರಲ್ಲಿ ಮೊರೀನಳೂ ಒಬ್ಬಳು.

ಭಾನುಮತಿ ತನ್ನ ಕಿವಿ ಮುಟ್ಟಿಕೊಂಡಳು. "ಅಯ್ಯೋ ಶಿವನೇ! ಅದಕ್ಕಾ ಕಿವಿ ಎಳೆದು ತೋರಿಸಿದ್ದು? ನಾನು ಓಮದ ಎಣ್ಣೆ ಕೊಟ್ನಲ್ಲೇ!"

ಪೃಥ್ವಿ ನಕ್ಕು ನಕ್ಕು ಬಿಕ್ಕಳಿಸಿದಳು.

"ನೀನೂ ಅದೇ ಪಂಕಾ?"

"ಅಲ್ಲ! ನಾನು ಗಾತ್. ಬೇರೆ. ನಾವು ಕಪ್ಪು. ವಿಕ್ಟೋರಿಯಾ ಗಂಡ ಸತ್ತ ಮೇಲೆ ನಲವತ್ತು ವರ್ಷ ಕಪ್ಪೇ ಉಟ್ಲಲ್ಲ, ಆ ಸ್ಟೈಲು ನಮ್ಗಿಷ್ಟ. ಪಂಕ್‌ನೋರು ಚೆಕ್ಸು, ಪಿನ್ನು, ಗಲಾಟೆ."

"ಇಲ್ಲೂ ಜಾತಿನಾ! ಒಬ್ಬರ ಮನೇಲಿ ಒಬ್ಬರು ಊಟ ಮಾಡ್ತೀರೋ, ಅದೂ ಇಲ್ವೋ?"

"ಅಜ್ಜೀ... ಅವ್ಳನ್ನ ಅಲುಗಿಸಬಾರದು ತಾನೇ? ಅಲಂಕಾರ ಬದಲಾಯಿಸ್ಬೋದಾ?"

ಭಾನುಮತಿ ಒಂದು ಕ್ಷಣ ಯೋಚಿಸಿದಳು. ನವರಾತ್ರಿಯಲ್ಲಿ ಅಮ್ಮನವರಿಗೇ ದಿನಕ್ಕೊಂದು ಅಲಂಕಾರ. ಇವಳು ಯಾವ ಸೀಮೆಯವಳು? "ಕತ್ತರಿ ತಾ," ಅಂದಳು.

ಪೃಥ್ವಿಯ ಹಳೇ ಸ್ಕೂಲ್ ಲಂಗ ಕೆಂಪು ಚೌಕಳಿಯದು. ಭಾನುಮತಿ ಕತ್ತರಿಸಿ, ಕೂತ ರಾಣಿಯನ್ನು ಕೂತ ಹಾಗೇ ಅಳತೆ ತೆಗೆದು, ಹಿಂದೆ ಹುಕ್ಕಿಟ್ಟು ಹೊಲಿದು ತೊಡಿಸಿದಳು. ಮುಸುಕು ಬಿಚ್ಚಿದಳು. ಜುಟ್ಟಿಗೆ ಏನು? ಪೃಥ್ವಿ ತನ್ನದೇ ಕೂದಲು ಕೊಡಲು ಬಂದಾಗ "ಥೂ, ಕಳಶದ ಮುಂದೆ ಕೂದಲೇನೇ!" ಎಂದು ಗದರಿ, ತನ್ನ ಗುಲಾಬಿ ರೇಷ್ಮೆ ಸೀರೆಯ ಸೆರಗಿನ ಕುಚ್ಚುಗಳನ್ನೇ ಕತ್ತರಿಸಿ ಕಿರೀಟದ ನಡುವೆ ಸಾಲಾಗಿ ನಿಲ್ಲಿಸಿದಳು. ತುಟಿಗೆ ಕಪ್ಪು ಬಳಿಯುವ ಹಟ ಪೃಥ್ವಿಯದು, ಒಂದು ಗಾತ್ ಗುರುತಾದರೂ ಇರಲಿ ಅಂತ. ಕೊನೆಗೆ ಭಾನುಮತಿ ಬಳೆಯಿಂದ ಒಂದು ಪಿನ್ನು ತೆಗೆದು, ಹಣೆಬೊಟ್ಟಿನ ಅಂಟಿನಲ್ಲಿ ರಾಣಿಯ ತುಟಿಗೆ ಅಡ್ಡಲಾಗಿ ಅಂಟಿಸಿದಳು.

"ಅನ್ನ ಕಿತ್ಕೊಂಡ ಬಾಯಿಗೆ ಬೀಗ," ಅಂದಳು.

"ಈ ಗಂಡ?"

"ಇವನು ಗಂಡ ಅಲ್ಲ ಇನ್ನು. ಅಲುಗಿಸದೆ ಒಂದು ಕೋಲು ಕೊಡು ಕೈಗೆ. ಕಾವಲುಗಾರ."

ಬುಧವಾರ ನಾಲ್ಕು ಗಂಟೆ. ಇಬ್ಬರೂ ಪರದೆಯ ಹಿಂದೆ. ಮೊರೀನ್ ರಸ್ತೆಯ ಆಚೆ ಬದಿಯಲ್ಲೇ ಬಂದಳು, ತಲೆ ತಗ್ಗಿಸಿಕೊಂಡೇ. ಮನೆ ಎದುರು ಬಂದಳು. ದಾಟಿದಳು.

"ನೋಡ್ಲೇ ಇಲ್ಲ," ಪಿಸುಗುಟ್ಟಿದಳು ಪೃಥ್ವಿ.

ಭಾನುಮತಿಗೆ ಕಾಯುವುದು ಮುಗಿದಿತ್ತು. ಬಟ್ಟಲು ಹಿಡಿದು, ಚಪ್ಪಲಿಯೂ ಇಲ್ಲದೆ ಗೇಟಿಗೆ ಓಡಿದಳು.

"ಏ ಮೊರೀನಮ್ಮಾ! ನಿಂತ್ಕೊಳ್ಳೇ! ಗೊತ್ತಿರಲಿಲ್ಲ ಕಣೇ ನಂಗೆ! ನಮ್ಮನ್ನೂ ಆಳಿದವಳೇ ಅವಳು, ನಮ್ಮಲ್ಲೂ ಬರಗಾಲದಲ್ಲಿ ಜನ ಸತ್ರು, ನಮ್ಮಜ್ಜಿ ಅವಳ ಮುಖ ಕೊರಳಿಗೆ ಹಾಕ್ಕೊಂಡು ಮೆರೆದ್ಲು! ನಮ್ಮ ದಡ್ಡತನಕ್ಕೆ ನೀನ್ಯಾಕೆ ಮುನಿಸ್ಕೊತೀಯ? ತಿರುಗಿ ನೋಡೇ!"

ಬೀದಿಯ ನಾಲ್ಕು ಕಿಟಕಿ ತೆರೆದವು. ಮೊರೀನಳಿಗೆ ಒಂದಕ್ಷರ ಅರ್ಥವಾಗಿರಲಾರದು. ಆದರೆ ಆರು ತಿಂಗಳು ಕೇಳಿದ ದನಿ. ಅವಳು ನಿಂತಳು, ತಿರುಗಿದಳು. ಭಾನುಮತಿಯ ಬೆರಳು ತೋರಿಸಿದ ಕಡೆ ನೋಡಿದಳು.

ಗುಲಾಬಿ ಜುಟ್ಟು, ಕಪ್ಪು ತುಟಿ, ಚೌಕಳಿ ಲಂಗ, ಬಾಯಿಗೆ ಪಿನ್ನು, ಹಣೆಯಲ್ಲಿ ಕುಂಕುಮ.

ಮೊದಲು ಅವಳ ಹೆಗಲು ಕುಲುಕಿತು. ಆಮೇಲೆ ಮಾಸ್ಕು ಗಲ್ಲಕ್ಕೆ ಜಾರಿತು. ನಗು ತಡೆಯಲಾರದೆ ರಸ್ತೆ ದಾಟಿ ಬಂದು ಕಾಂಪೌಂಡಿನ ಗೋಡೆಯ ಮೇಲೆ ಕುಸಿದು ಕೂತು, ಕಣ್ಣೊರೆಸಿಕೊಂಡಳು. ಒರೆಸಿಕೊಂಡದ್ದೆಲ್ಲ ನಗುವಿನದೇ ಇರಲಿಕ್ಕಿಲ್ಲ. ಆಮೇಲೆ ಎದ್ದು ಎರಡು ಮೀಟರ್ ಹಿಂದೆ ಸರಿದು, ಶಾಲೆಯ ಮಗುವಿನ ಹಾಗೆ ಕೈಕಟ್ಟಿ ನಿಂತು, ಕಲಿತದ್ದನ್ನು ಒಪ್ಪಿಸಿದಳು:

"ಗೋಂಬೇ... ಕೂರ್‌ಸೀ... ಡೀರಾ?"

"ಕೂರ್ಸಿದೀವಿ ಬಾರಮ್ಮ," ಅಂದಳು ಭಾನುಮತಿ. ಬಟ್ಟಲನ್ನು ಗೋಡೆಯ ಮೇಲಿಟ್ಟಳು. ಬಳೆಯಿಂದ ಒಂದು ಪಿನ್ನು ಬಿಚ್ಚಿ ಪಕ್ಕದಲ್ಲಿಟ್ಟು ಹಿಂದೆ ಸರಿದಳು.

ಮೊರೀನ್ ಪಿನ್ನೆತ್ತಿಕೊಂಡು ಕಿವಿಯ ಹಾಲೆಗೆ ಹಿಡಿದು ನೋಡಿದಳು. ತೂತು ಎಂದೋ ಮುಚ್ಚಿಹೋಗಿತ್ತು. ಉಣ್ಣೆಯ ಟೋಪಿಗೆ ಸಿಕ್ಕಿಸಿಕೊಂಡಳು. ಒಂದು ಹಿಡಿ ಉಸಲಿ ಬಾಯಿಗೆ ಹಾಕಿಕೊಂಡು, ಅಜ್ಜಿಯ ಹಿಂದೆಯೇ ಹೊರಬಂದಿದ್ದ ಪೃಥ್ವಿಗೆ ಏನೋ ಹೇಳಿದಳು.

"ಏನಂತೆ?"

"ನಿಮ್ಮಷ್ಟು ಪಕ್ಕಾ ಪಂಕನ್ನ ಲಂಡನ್ನಲ್ಲೂ ನೋಡಿಲ್ವಂತೆ. ಕಾಳಿಗೆ ಸ್ವಲ್ಪ ಖಾರ ಜಾಸ್ತಿಯಂತೆ."

"ಖಾರ ಜಾಸ್ತಿಯಾ? ನಲವತ್ತು ವರ್ಷದಿಂದ ಇದೇ ಖಾರ ಹಾಕ್ತಿದೀನಿ, ಇವಳು ಬಂದ್ಳು ಹೇಳೋಕೆ!" ಅನ್ನುತ್ತಾ ಭಾನುಮತಿ ಚಪ್ಪಲಿ ಮೆಟ್ಟಲು ಒಳಗೆ ನಡೆದಳು. "ಪೃಥ್ವಿ, ನೀನೂ ಬೂಟು ಹಾಕ್ಕೊ. ಆ ಬೋಳು ಪಕ್ಕಕ್ಕೆ ಟೋಪಿನೂ ಹಾಕ್ಕೊ, ನೆಗಡಿಯಾಗತ್ತೆ."