ವೇದವತಿಯ ದವಡೆ

ಹೆಂಡತಿಯ ಬಾಯಿಯನ್ನೇ ರಂಗಸ್ಥಳ ಮಾಡಿಕೊಂಡ ಗಂಡನನ್ನು ಎಲ್ಲಾದರೂ ಕಂಡಿದ್ದೀರಾ? ಮಲೇಷ್ಯಾದ ಮೆಲಾಕಾ ಊರಿನ ದಂತವೈದ್ಯ ಕಾಲೇಜಿನ ಡಾಕ್ಟರ್ ಕೀರ್ತಿರಾಜ್ ಅಂಥವನು. ವೇದವತಿಯ ಕೆಳದವಡೆಯಲ್ಲಿ ಒಂದು ಹಲ್ಲು ಹೋಗಿತ್ತು. ಅಲ್ಲಿ ಮೂಳೆ ಕೊರೆದು ಇಂಪ್ಲಾಂಟ್ ಎಂಬ ಲೋಹದ ಕೃತಕ ಬೇರು ಕೂರಿಸುವುದನ್ನು ಪಕ್ಕದ ಸಭಾಂಗಣದ ಪರದೆಯ ಮೇಲೆ ಊರಿನ ದಂತವೈದ್ಯರಿಗೂ ವಿದ್ಯಾರ್ಥಿಗಳಿಗೂ ತೋರಿಸುತ್ತೇನೆಂದು ಡಂಗುರ ಸಾರಿಬಿಟ್ಟ. ಅವಳನ್ನು ಕೇಳಿದ್ದು ಆಮೇಲೆ.

ವೇದವತಿಯೂ ಅದೇ ಕಾಲೇಜಿನಲ್ಲಿ ಪಾಠ ಮಾಡುವವಳೇ. ಬಾಯಿಯ ರೋಗಗಳನ್ನು ಸೂಕ್ಷ್ಮದರ್ಶಕದಲ್ಲಿ ಗುರುತಿಸುವುದು ಅವಳ ವಿಷಯ. ಹಾಗಾಗಿ ಕುರ್ಚಿಯಲ್ಲಿ ಬಾಯಿ ತೆರೆದು ಮಲಗಿದ್ದರೂ ಒಳಗೆ ಏನಾಗುತ್ತಿದೆ ಎಂಬುದು ಅವಳಿಗೆ ಗೊತ್ತಿತ್ತು. ಹಲ್ಲುಗಳ ಮೇಲೆ ಕೂರಿಸಿದ ಪ್ಲಾಸ್ಟಿಕ್ ಗೈಡಿನ ತೂತಿನಿಂದಲೇ ಡ್ರಿಲ್ ಇಳಿಯುತ್ತದೆ, ದಾರಿ ತಪ್ಪುವುದಿಲ್ಲ. ಆದರೆ ಅದೇ ಗೈಡು ತಣ್ಣೀರನ್ನೂ ಒಳಗೆ ಬಿಡುವುದಿಲ್ಲ. ಸ್ವಲ್ಪ ಕೊರೆದು ಡ್ರಿಲ್ ಮೇಲೆತ್ತಬೇಕು, ತಣ್ಣನೆಯ ಸಲೈನ್ ಬಿಡಬೇಕು, ಮತ್ತೆ ಕೊರೆಯಬೇಕು. ಇಲ್ಲದಿದ್ದರೆ ಮೂಳೆ ಕಾಯುತ್ತದೆ, ಕಾದ ಮೂಳೆ ಸಾಯುತ್ತದೆ. ಇದನ್ನು ಕೀರ್ತಿರಾಜ್ ತಾನೇ ಪಾಠ ಮಾಡುತ್ತಿದ್ದ. ಅವತ್ತು ಮಾತ್ರ ಕೈಚಳಕ ತೋರಿಸುವ ಹುಚ್ಚು ಹಿಡಿದಿತ್ತು. ಡ್ರಿಲ್ ಎತ್ತಲೇ ಇಲ್ಲ.

ದವಡೆ ಮರಗಟ್ಟಿದ್ದರಿಂದ ನೋವಾಗಲಿಲ್ಲ. ಸುಟ್ಟ ವಾಸನೆ ಮಾತ್ರ ಮೂಗಿಗೆ ಬಡಿಯಿತು. ವೇದವತಿ ಗಾಬರಿಯಾಗಿ ಕೈ ಎತ್ತಿದಳು.

“ನೋಡಿ, ಮನೇಲೂ ಹೀಗೇ. ನಾನು ಕೆಲಸ ಶುರು ಮಾಡಿದ್ರೆ ಸಾಕು, ಅಡ್ಡ ಬರ್ತಾಳೆ,” ಎಂದ ಅವನು, ಕಾಲರಿನ ಮೈಕಿಗೆ, ಇಂಗ್ಲಿಷಿನಲ್ಲಿ.

ಗೋಡೆಯಾಚೆ ಎಲ್ಲರೂ ಗೊಳ್ಳೆಂದು ನಕ್ಕರು. ಅವಳು ಇನ್ನೊಂದು ಕೈಯನ್ನೂ ಎತ್ತಿದಳು. ಅವನು ಸಹಾಯಕಿಗೆ ಹೇಳಿ ಎರಡನ್ನೂ ಹಿಡಿಸಿದ. ಆ ನಗುವನ್ನು ವೇದವತಿ ಕ್ಷಮಿಸಲಿಲ್ಲ. ಯಾಕಾದರೂ ಕ್ಷಮಿಸಬೇಕು?

ಕೆಲವು ವಾರಗಳಲ್ಲೇ ಇಂಪ್ಲಾಂಟ್ ಅಲುಗಾಡತೊಡಗಿತು. ಅವನು ಅದನ್ನು ಸಲೀಸಾಗಿ ಕಿತ್ತು ಟ್ರೇಗೆ ಎಸೆದ. “ನಿನ್ನ ಮೂಳೆಯೇ ಸರಿ ಇಲ್ಲ, ವೇದಾ. ನಿಮ್ಮಮ್ಮಂದೂ ಹಾಗೇ ಅಲ್ವಾ?” ಎಂದ. ಜೊತೆಯಲ್ಲೇ ಕಿತ್ತುಬಂದ ಮೂಳೆಯ ಚೂರನ್ನು ಅವಳು ಸುಮ್ಮನೆ ಎತ್ತಿಟ್ಟುಕೊಂಡಳು.

ಅಷ್ಟಕ್ಕೇ ಬಿಡುತ್ತಿದ್ದಳೇನೋ. ಆದರೆ ಅವನು ಮುಂದಿನ ಪ್ರದರ್ಶನಕ್ಕೆ ಐತಪ್ಪಣ್ಣನನ್ನು ಒಪ್ಪಿಸಿದ್ದ. ಕ್ಲಾಂಗ್ ಬಂದರಿನ ಹಡಗು ಕಚೇರಿಯಲ್ಲಿ ದುಡಿದು ನಿವೃತ್ತನಾದ, ಇವರ ಮದುವೆಯ ಹೊಸತರಲ್ಲಿ ಮನೆ ಹುಡುಕಿಕೊಟ್ಟ ಮುದುಕ. ವೇದವತಿ ಬೇಡವೆಂದು ಹೇಳಿದರೆ ಮುದುಕ ನಕ್ಕುಬಿಟ್ಟ. ನೀವು ಹೆದರುಪುಕ್ಕಲಿ ಅಂತ ಡಾಕ್ಟ್ರು ಮೊದಲೇ ಹೇಳಿದ್ದಾರೆ, ಎಂದ. ಇನ್ನು ನಿಜವನ್ನು ಗಂಡನ ಬಾಯಿಂದಲೇ ಹೇಳಿಸಬೇಕು ಎಂದು ಅವಳು ಹಟ ತೊಟ್ಟಳು.

ಪ್ರದರ್ಶನದ ವಾರ ಬಂತು. ಪಿಜಿ ವಿದ್ಯಾರ್ಥಿಗಳಿಗೆ ಗಂಡ ಹೆಂಡತಿ ಒಟ್ಟಿಗೆ ಪಾಠ ಮಾಡುವ ದಿನ, ವೇದವತಿ ಬೆಳಿಗ್ಗೆ ನೀರುದೋಸೆ ಮಾಡಿ ಅವನಿಗೆ ಹೊಟ್ಟೆ ತುಂಬ ಬಡಿಸಿದಳು. ತರಗತಿಯಲ್ಲಿ ಸೂಕ್ಷ್ಮದರ್ಶಕಕ್ಕೆ ಒಂದು ಸ್ಲೈಡ್ ಇಟ್ಟು, “ಸರ್, ಸೋತ ಇಂಪ್ಲಾಂಟ್ ಸುತ್ತಲಿನ ಮೂಳೆ ಇದು. ಏನಾಗಿದೆ ಅಂತ ಇವರಿಗೆ ಹೇಳಿ,” ಎಂದಳು.

ಅವನು ಬಗ್ಗಿ ನೋಡಿದ. ಜೀವಂತ ಮೂಳೆಯಲ್ಲಿ ಪುಟ್ಟ ಪುಟ್ಟ ಗೂಡುಗಳಿದ್ದು, ಒಂದೊಂದರಲ್ಲೂ ಒಂದು ಜೀವಕೋಶ ಇರುತ್ತದೆ. ಇಲ್ಲಿ ಎಲ್ಲವೂ ಖಾಲಿ, ಅಂಚೆಲ್ಲ ಕರಕಲು.

“ಸುಟ್ಟಿದ್ದಾರೆ. ಡ್ರಿಲ್ ಎತ್ತದೆ, ನೀರು ಬಿಡದೆ ಒಂದೇ ಸಮ ಕೊರೆದಿದ್ದಾರೆ,” ಎಂದು ಅವನು ಉತ್ಸಾಹದಿಂದ ವಿವರಿಸಿದ. “ಯಾವ ಕಟುಕನ ಕೆಲಸ ಇದು? ಇಂಥವನ ಕೈಗೆ ಡ್ರಿಲ್ ಕೊಡಲೇಬಾರದು.”

ವಿದ್ಯಾರ್ಥಿಗಳು ಅದನ್ನು ಬರೆದುಕೊಂಡರು.

“ದವಡೆ ನನ್ನದು,” ಎಂದಳು ವೇದವತಿ. ಕೊರೆದವರು ಯಾರೆಂದು ಹೇಳುವ ಅಗತ್ಯವೇ ಬೀಳಲಿಲ್ಲ, ಅರ್ಧ ತರಗತಿ ಅಂದು ಸಭಾಂಗಣದಲ್ಲಿ ಕೂತು ನಕ್ಕಿತ್ತು.

ಕೀರ್ತಿರಾಜನ ಮುಖ ಕಪ್ಪಿಟ್ಟಿತು. “ಮನೆಗೆ ಹೋಗಿ ಮಾತಾಡುವ,” ಎಂದ ಕನ್ನಡದಲ್ಲಿ, ಹಲ್ಲು ಕಚ್ಚಿ.

“ಅವತ್ತು ಎಲ್ಲರೆದುರೇ ಮಾಡಿದ್ರಲ್ಲ ರೀ. ಇವತ್ತೂ ಇಲ್ಲೇ ಆಗಲಿ.” ಅವಳು ಮೇಜಿನ ಮೇಲಿದ್ದ ಗಂಡನ ಫೋನಿನಿಂದಲೇ ಐತಪ್ಪಣ್ಣನಿಗೆ ಕರೆ ಹಚ್ಚಿ ಸ್ಪೀಕರ್ ಹಾಕಿ ಗಂಡನ ಮುಂದೆ ಹಿಡಿದಳು.

“ಹೇಳಿ ಡಾಕ್ಟ್ರೇ! ನಾನು ರೆಡಿ ಉಂಟು ಮಾರಾಯ್ರೇ. ವೇದಕ್ಕನ ಹಲ್ಲು ಕಲ್ಲಿನ ಹಾಗೆ ಕೂತಿದೆ ಅಂದಿದ್ರಲ್ಲ, ನನಗೂ ಹಾಗೇ ಕೂರಿಸಿ.”

ಅವನು ಬಾಗಿಲ ಕಡೆ ನೋಡಿದ. ಅಷ್ಟೂ ವಿದ್ಯಾರ್ಥಿಗಳು ಅವನ ಬಾಯಿಯನ್ನೇ ನೋಡುತ್ತಿದ್ದರು.

“ಇಲ್ಲ ಐತಪ್ಪಣ್ಣ. ಅದು ಬಿದ್ದುಹೋಯ್ತು.”

“ಬಿದ್ದುಹೋಯ್ತಾ? ಎಂತಕ್ಕೆ?”

“ನಾನು... ನಾನೇ ಮೂಳೆ ಸುಟ್ಟುಬಿಟ್ಟೆ.”

ಐತಪ್ಪಣ್ಣ ಲೈನ್ ಕಟ್ ಮಾಡಿದ.

ಅಲ್ಲಿಗೂ ವೇದವತಿಗೆ ತೃಪ್ತಿಯಾಗಲಿಲ್ಲ. ಮಲೇಷ್ಯಾದಲ್ಲೇ ಹುಟ್ಟಿ ಬೆಳೆದ ನಿಖಿತಾ ಎಂಬ ಹುಡುಗಿಗೆ ಮಾತ್ರ ಅಲ್ಲಿ ಕನ್ನಡ ಅರ್ಥವಾಗುತ್ತಿತ್ತು. “ನಿಖಿತಾ, ಸರ್ ಏನಂದ್ರು ಅಂತ ಎಲ್ಲರಿಗೂ ಇಂಗ್ಲಿಷಿನಲ್ಲಿ ಹೇಳು.”

“ಮ್ಯಾಮ್, ಪ್ಲೀಸ್ ಲಾ...” ಎಂದು ಹುಡುಗಿ ಮಲೇಷ್ಯಾದವರ ರಾಗದಲ್ಲಿ ಬೇಡಿಕೊಂಡು ತಲೆ ತಗ್ಗಿಸಿದಳು.

“ಹೇಳಮ್ಮ.”

ಅವಳು ಹೇಳಿದಳು. ಕೀರ್ತಿರಾಜ್ ಅಲ್ಲೇ ನಿಂತು ಕೇಳಿಸಿಕೊಂಡ. ವೇದವತಿಗೆ ಒಳಗೊಳಗೇ ತಣ್ಣನೆಯ ಸುಖವಾಯಿತು. ಅವನನ್ನು ಸ್ವಲ್ಪ ಸರಿದು ನಿಲ್ಲುವಂತೆ ಹೇಳಿ, ಸ್ಲೈಡ್ ನೋಡಲು ವಿದ್ಯಾರ್ಥಿಗಳನ್ನು ಒಬ್ಬೊಬ್ಬರಾಗಿ ಕರೆದಳು.